ಮಳೆಯಲ್ಲಿ ಹುಡುಕಿ, ಬಿಸಿಲಲ್ಲಿ ರಿಪೇರಿ ಮಾಡಿ: ವಿಶ್ವವಿದ್ಯಾಲಯದ ಕಟ್ಟಡಗಳನ್ನು ತಪಾಸಣೆ ಮಾಡುವ ಬಗೆ

ತಾರಸಿ ಸೋರುವುದು ಜುಲೈಯಲ್ಲಿ, ಅಂದಾಜು ಪಟ್ಟಿ ಸಿದ್ಧವಾಗುವುದು ಡಿಸೆಂಬರ್‌ನಲ್ಲಿ, ಹಣ ಕೈಗೆ ಬರುವುದು ಮಾರ್ಚ್ ಕೊನೆಯ ವಾರ. ಅಷ್ಟು ಹೊತ್ತಿಗೆ ಸೀಲಿಂಗ್ ಒಣಗಿರುತ್ತದೆ, ಕಲೆಯ ಮೇಲೆ ಬಣ್ಣ ಬಳಿದಾಗಿರುತ್ತದೆ, ನೀರು ಎಲ್ಲಿಂದ ಇಳಿದಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಗುತ್ತಿಗೆದಾರರು ಇಡೀ ತಾರಸಿಗೆ ಎರಡು ಕೋಟ್ ಹೊಡೆದು ಬಿಲ್ ಮಾಡಿಸಿಕೊಂಡು ಹೋಗುತ್ತಾರೆ. ಮುಂದಿನ ಜುಲೈಯಲ್ಲಿ ಅದೇ ಮೂಲೆ, ಅದೇ ಬಕೆಟ್.

ಇದನ್ನು ತಪ್ಪಿಸಲು ವರ್ಷಕ್ಕೆ ಎರಡು ಸುತ್ತು ಬೇಕು. ಒಂದು ಮಳೆ ಸುರಿಯುತ್ತಿರುವಾಗ, ನೀರು ಬರುವ ಜಾಗ ಗುರುತಿಸಲು. ಇನ್ನೊಂದು ನವೆಂಬರ್–ಡಿಸೆಂಬರ್‌ನಲ್ಲಿ, ಅಳತೆ ತೆಗೆದು ಅಂದಾಜು ಬರೆಯಲು. ಕೆಲಸ ಜನವರಿಯಿಂದ ಏಪ್ರಿಲ್‌ ಒಳಗೆ ಮುಗಿಯಬೇಕು. ಮಳೆಯ ಸುತ್ತಿನ ತಿಂಗಳು ಊರಿನಿಂದ ಊರಿಗೆ ಬೇರೆ. ಕೊಣಾಜೆಯ ಮಂಗಳಗಂಗೋತ್ರಿಯಂಥ ಕರಾವಳಿ ಆವರಣಕ್ಕೆ ಜುಲೈ ಸರಿ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿಗೆ ಸೆಪ್ಟೆಂಬರ್–ಅಕ್ಟೋಬರ್‌ನ ಜೋರು ಮಳೆಯೇ ನಿಜವಾದ ಪರೀಕ್ಷೆ. ಕಲಬುರಗಿಗೆ ಸೆಪ್ಟೆಂಬರ್. ದಿನಾಂಕ ಮೊದಲೇ ನಿಗದಿ ಮಾಡಿ ಕೂರಬೇಡಿ. ಎರಡು ದಿನ ಬಿಡದೆ ಸುರಿದ ಮೇಲೆ ಮೂರನೆಯ ದಿನ ಬೆಳಿಗ್ಗೆ ಹೊರಡಿ.

ತಂಡ, ಸಾಮಾನು

ಎಂಜಿನಿಯರಿಂಗ್ ವಿಭಾಗದ ಸಹಾಯಕ ಎಂಜಿನಿಯರ್, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಪ್ಲಂಬರ್ ಸಾಕು. ಜೊತೆಗೆ ಆ ಕಟ್ಟಡದ ಹಳೆಯ ಅಟೆಂಡರ್ ಇರಲೇಬೇಕು. ಬೀಗದ ಕೈ ಅವರ ಹತ್ತಿರ ಇರುತ್ತದೆ ಅನ್ನುವುದು ಒಂದು ಕಾರಣ. ಯಾವ ಕೊಠಡಿಯಲ್ಲಿ ಯಾವ ಮಳೆಗೆ ಬೆಂಚು ಸರಿಸಬೇಕು ಎಂಬುದು ಅವರಿಗಷ್ಟೇ ಗೊತ್ತಿರುತ್ತದೆ ಅನ್ನುವುದು ಇನ್ನೊಂದು. ಹಾಸ್ಟೆಲ್ ಆದರೆ ಇಬ್ಬರು ವಿದ್ಯಾರ್ಥಿಗಳನ್ನೂ ಕರೆದುಕೊಳ್ಳಿ. ಬೆಳಿಗ್ಗೆ ಏಳಕ್ಕೆ ನೀರು ನಿಲ್ಲುವ ಸಂಗತಿ ಹನ್ನೊಂದಕ್ಕೆ ಬರುವ ಅಧಿಕಾರಿಗೆ ಕಾಣುವುದಿಲ್ಲ.

ಸಾಮಾನು ಇಷ್ಟು: ಒಳ್ಳೆಯ ಟಾರ್ಚ್, 5 ಮೀಟರ್ ಟೇಪು, ಏಣಿ, 200 ಗ್ರಾಂ ಸುತ್ತಿಗೆ, ತೂಕದ ಗುಂಡು, ನೀರು ತುಂಬಿದ ಲೆವೆಲ್ ಪೈಪ್, ದಪ್ಪ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸೀಮೆಸುಣ್ಣ, ಕ್ಯಾಮೆರಾ ಇರುವ ಫೋನು. ಬಿರುಕಿನ ಅಗಲ ಅಳೆಯಲು ದುಬಾರಿ ಉಪಕರಣ ಬೇಡ. ಮೆಕ್ಯಾನಿಕಲ್ ಪೆನ್ಸಿಲಿನ ಕಡ್ಡಿಗಳು 0.3, 0.5, 0.7 ಮಿ.ಮೀ. ಅಳತೆಯಲ್ಲಿ ಸಿಗುತ್ತವೆ. ಬಿರುಕಿನ ಬಾಯಿಗೆ ಒಂದೊಂದನ್ನೇ ಹಿಡಿದು ಹೋಲಿಸಿದರೆ ಅಂದಾಜು ಅಗಲ ಸಿಕ್ಕಿತು.

ತಪಾಸಣೆ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಮೊದಲು ತಾರಸಿ, ಆಮೇಲೆ ಮೇಲಿನ ಮಹಡಿಯ ಸೀಲಿಂಗ್, ಶೌಚಾಲಯ, ಗೋಡೆ, ಕೊನೆಗೆ ಕಟ್ಟಡದ ಸುತ್ತಲಿನ ನೆಲ. ನೀರು ಇಳಿಯುವ ದಾರಿಯಲ್ಲೇ ನೀವೂ ಇಳಿಯಿರಿ.

ತಾರಸಿ

ಹೆಚ್ಚಿನ ತಾರಸಿಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಬಳಕೆಗೆ ಬಾರದೆಂದು ಬದಿಗಿಟ್ಟ ಬೆಂಚು, ಕುರ್ಚಿ, ಕಬ್ಬಿಣದ ಬೀರುಗಳ ರಾಶಿ. ಹರಾಜಿನ ಕಡತ ಮುಗಿಯುವವರೆಗೆ ಇರಲಿ ಎಂದು ಮೇಲೆ ಸಾಗಿಸಿರುತ್ತಾರೆ, ಕಡತ ಮುಗಿಯುವುದಿಲ್ಲ. ರಾಶಿಯ ಕೆಳಗೆ ಎಲೆ, ಮಣ್ಣು ಸೇರಿ ನೀರು ಹೊರಬೀಳುವ ಬಾಯಿ ಮುಚ್ಚುತ್ತದೆ, ತುಕ್ಕು ಹಿಡಿದ ಕಾಲುಗಳು ಜಲನಿರೋಧಕ ಪದರವನ್ನು ಚುಚ್ಚುತ್ತವೆ. ಹರಾಜಿಗೆ ಕಾಯದೆ ಕೆಳಗಿಳಿಸಿ, ನೆಲಮಹಡಿಯ ಯಾವುದಾದರೂ ಶೆಡ್ಡಿಗೆ ಹಾಕಿಸಿ. ಎಷ್ಟೋ ಸೋರಿಕೆ ಇಷ್ಟಕ್ಕೇ ನಿಲ್ಲುತ್ತದೆ.

ಆಮೇಲೆ ಮಳೆನೀರಿನ ಪೈಪ್‌ಗಳನ್ನು ಎಣಿಸಿ. ಗಂಟೆಗೆ 100 ಮಿ.ಮೀ. ಲೆಕ್ಕದ ಜಡಿಮಳೆಗೆ 100 ಮಿ.ಮೀ. ವ್ಯಾಸದ ಒಂದು ಪೈಪ್ ಸುಮಾರು 40 ಚದರ ಮೀಟರ್ ತಾರಸಿಯ ನೀರನ್ನಷ್ಟೇ ಇಳಿಸಬಲ್ಲದು. 20 ಮೀಟರ್ ಉದ್ದ, 10 ಮೀಟರ್ ಅಗಲದ ತಾರಸಿಗೆ ಐದು ಪೈಪ್ ಬೇಕು. ಎರಡೇ ಇದ್ದರೆ ಯಾವ ಬಣ್ಣ ಬಳಿದರೂ ಪ್ರಯೋಜನವಿಲ್ಲ. ಪ್ರತಿ ಬಾಯಿಗೂ ಗುಮ್ಮಟದಂಥ ಜಾಲರಿ ಇರಲಿ. ಚಪ್ಪಟೆ ಜಾಲರಿಯನ್ನು ಒಂದೇ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿಬಿಡುತ್ತದೆ.

ಇಳಿಜಾರು ಕನಿಷ್ಠ 100ಕ್ಕೆ 1 ಇರಬೇಕು, ಅಂದರೆ 10 ಮೀಟರ್ ದೂರಕ್ಕೆ 10 ಸೆಂ.ಮೀ. ಮಳೆ ನಿಂತು 48 ಗಂಟೆಯಾದ ಮೇಲೂ ನೀರು ನಿಂತಿರುವ ಜಾಗಗಳ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ಫೋಟೊ ತೆಗೆಯಿರಿ. ಬೇಸಿಗೆಯಲ್ಲಿ ಹೋದರೆ ಕೆಸರಿನ ಉಂಗುರ, ಒಣಗಿದ ಪಾಚಿ ಅದೇ ಕಥೆ ಹೇಳುತ್ತವೆ.

ಸೋರಿಕೆ ಶುರುವಾಗುವುದು ತಾರಸಿಯ ನಡುವಿಗಿಂತ ಅಂಚುಗಳಲ್ಲಿ ಹೆಚ್ಚು. ಪ್ಯಾರಪೆಟ್ ಗೋಡೆ ಸ್ಲ್ಯಾಬ್‌ಗೆ ಸೇರುವಲ್ಲಿ ಮೂಲೆ ತುಂಬುವ ದುಂಡಗಿನ ಗಾರೆಯ ಅಂಚು (ಗೋಲಾ) ಇದೆಯೇ, ಜಲನಿರೋಧಕ ಪದರ ಗೋಡೆಯ ಮೇಲೆ ಕನಿಷ್ಠ 15 ಸೆಂ.ಮೀ. ಹತ್ತಿದೆಯೇ ನೋಡಿ. ಪ್ಯಾರಪೆಟ್‌ನ ನೆತ್ತಿ ಬಿರುಕು ಬಿಟ್ಟಿದ್ದರೆ ನೀರು ಗೋಡೆಯೊಳಗಿಂದಲೇ ಇಳಿಯುತ್ತದೆ; ತಾರಸಿಗೆ ಎಷ್ಟು ಖರ್ಚು ಮಾಡಿದರೂ ನಿಲ್ಲದ ಸೋರಿಕೆಗೆ ಇದೇ ಕಾರಣವಾಗಿರುತ್ತದೆ. ಉದ್ದನೆಯ ಕಟ್ಟಡಗಳಲ್ಲಿ 30–45 ಮೀಟರಿಗೊಮ್ಮೆ 20–25 ಮಿ.ಮೀ. ಅಗಲದ ವಿಸ್ತರಣಾ ಸಂದು ಬಿಟ್ಟಿರುತ್ತಾರೆ. ಅದನ್ನು ಬಿರುಕೆಂದು ತಿಳಿದು ಸಿಮೆಂಟ್ ತುಂಬಿದ್ದರೆ ತೆಗೆಸಿ. 30 ಮೀಟರ್ ಸ್ಲ್ಯಾಬ್ 30 ಡಿಗ್ರಿ ಬಿಸಿಯೇರಿದರೆ ಸುಮಾರು 9 ಮಿ.ಮೀ. ಹಿಗ್ಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಇದು ಲೆಕ್ಕದ ಮಾತಲ್ಲ, ಕಣ್ಣಿಗೆ ಕಾಣುವ ಮಾತು. ಸಂದಿನೊಳಗೆ ಫೋಮ್ ಹಗ್ಗ ಇಳಿಸಿ, ಮೇಲೆ ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಬೇಕು.

ಇತ್ತೀಚಿನ ಹಾವಳಿ ಸೋಲಾರ್ ಫಲಕಗಳದ್ದು. ಫಲಕದ ಕಾಲುಗಳನ್ನು ಸ್ಲ್ಯಾಬ್‌ಗೆ ಡ್ರಿಲ್ ಹೊಡೆದು ಬೋಲ್ಟ್ ಬಿಗಿದಿದ್ದರೆ ಪ್ರತಿ ತೂತೂ ಒಂದು ಸೋರಿಕೆ. ಟೆಂಡರಿನಲ್ಲೇ ‘ತಾರಸಿಗೆ ಡ್ರಿಲ್ ಹೊಡೆಯಕೂಡದು, ಕಾಂಕ್ರೀಟ್ ದಿಂಡಿನ ಮೇಲೆ ನಿಲ್ಲಿಸಬೇಕು’ ಎಂದು ಬರೆಸಿ. ಆ ದಿಂಡಿನ ಭಾರವನ್ನು ಸ್ಲ್ಯಾಬ್ ಹೊರುತ್ತದೆಯೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಮೊದಲೇ ಲೆಕ್ಕ ಹಾಕಿ ಕೊಡಬೇಕು. ಎ.ಸಿ. ಹೊರಘಟಕ, ನೆಟ್‌ವರ್ಕ್ ಆಂಟೆನಾಗಳಿಗೂ ಇದೇ ಮಾತು.

ಪ್ಯಾರಪೆಟ್‌ನಲ್ಲಿ, ಸಜ್ಜಾದ ಸಂದಿಯಲ್ಲಿ ಅರಳಿ ಸಸಿ ಕಂಡರೆ ಎಳೆದು ಕಿತ್ತು ಹೋಗಬೇಡಿ. ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಎರಡನೆಯ ಸಲ ಇನ್ನೂ ದಪ್ಪ. ಸುತ್ತಲಿನ ಗಾರೆ ಬಿಡಿಸಿ ಬೇರನ್ನು ಪೂರ್ತಿ ತೆಗೆದು, ಆ ಪೊಟರೆಯನ್ನು ಗಾರೆಯಿಂದ ತುಂಬಿ ಮುಚ್ಚಬೇಕು. ಅಂಗೈಯಷ್ಟಿರುವಾಗ ಹತ್ತು ನಿಮಿಷದ ಕೆಲಸ. ಐದು ವರ್ಷ ಬಿಟ್ಟರೆ ಗೋಡೆಯನ್ನೇ ಬಿಚ್ಚಿ ಕಟ್ಟಬೇಕಾಗುತ್ತದೆ.

ಕೆಳಗಿನ ಕಲೆಗೂ ಮೇಲಿನ ತೂತಿಗೂ ನೇರ ಗೆರೆ ಎಳೆಯಬೇಡಿ. ಫ್ಯಾನ್ ಕೊಕ್ಕೆಯಿಂದ, ಲೈಟ್ ಪಾಯಿಂಟ್‌ನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದು ಸ್ಲ್ಯಾಬ್‌ನೊಳಗಿನ ವೈರಿಂಗ್ ಪೈಪ್ ಹಿಡಿದು ಹಲವು ಅಡಿ ದೂರದಿಂದ ಬಂದಿರಬಹುದು. ಅಂಥ ಕೊಠಡಿಯ ಮೇನ್ ಸ್ವಿಚ್ ಅನ್ನು ಅಲ್ಲೇ ಆರಿಸಿ, ಬೀಗ ಹಾಕಿ, ಆಮೇಲೆ ಮುಂದಿನ ಕೊಠಡಿಗೆ ಹೋಗಿ.

ಸೋರಿಕೆ ಮಳೆಯದೋ ಶೌಚಾಲಯದ್ದೋ ಎಂಬ ಗೊಂದಲ ಬಂದರೆ ಕ್ಯಾಲೆಂಡರ್ ನೋಡಿ. ಮಾರ್ಚ್‌ನಲ್ಲೂ ಒದ್ದೆ ಇದ್ದು, ಬೇಸಿಗೆ ರಜೆಯಲ್ಲಿ ಒಣಗಿದರೆ ಅದು ಮೇಲಿನ ಮಹಡಿಯ ಶೌಚಾಲಯ. ಖಾತ್ರಿಗೆ ಮೇಲಿನ ನೆಲದಲ್ಲಿ ನೀರು ಹೊರಹೋಗುವ ನಹಾನಿ ಟ್ರಾಪ್‌ಗೆ ಬಣ್ಣ ಬೆರೆಸಿದ ನೀರು ಸುರಿದು, ಒಂದು ದಿನ ಬಿಟ್ಟು ಕೆಳಗೆ ಬಣ್ಣ ಕಾಣುತ್ತದೆಯೇ ನೋಡಿ.

ಬಿರುಕು ಓದುವುದು

ಎಲ್ಲ ಬಿರುಕೂ ಅಪಾಯವಲ್ಲ, ಎಲ್ಲ ಬಿರುಕೂ ‘ಬರೀ ಪ್ಲಾಸ್ಟರ್’ ಅಲ್ಲ. ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕುಗಳು ಗಾರೆಯವು. ಸಿಮೆಂಟ್ ಹೆಚ್ಚಾಗಿ ಕ್ಯೂರಿಂಗ್ ಕಡಿಮೆಯಾದಾಗ ಬರುತ್ತವೆ. ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವಿನ ನೇರ ಬಿರುಕು ಅಲ್ಲಿ ಕೋಳಿ ಜಾಲರಿ ಹಾಕದೆ ಗಾರೆ ಮಾಡಿದ್ದರಿಂದ. ಇವೆರಡೂ ನೋಟಕ್ಕೆ ಕೆಟ್ಟವು, ಕಟ್ಟಡಕ್ಕೆ ಅಷ್ಟೇನಿಲ್ಲ.

ಮೇಲಿನ ಮಹಡಿಯಲ್ಲಿ ಸ್ಲ್ಯಾಬ್‌ನ ಕೆಳಗೇ ಗೋಡೆಯುದ್ದಕ್ಕೂ ಅಡ್ಡಲಾಗಿ ಹೋದ ಬಿರುಕು ಬಿಸಿಲಿನದ್ದು. ಸ್ಲ್ಯಾಬ್ ಹಿಗ್ಗಿ ಕುಗ್ಗುತ್ತದೆ, ಗೋಡೆ ಅದರ ಜೊತೆ ಹೋಗುವುದಿಲ್ಲ. ಇದಕ್ಕೆ ಸಿಮೆಂಟ್ ಮೆತ್ತಿದರೆ ಒಂದೇ ಬೇಸಿಗೆ ಬಾಳಿಕೆ. ತಾರಸಿಯ ಮೇಲೆ ಬಿಳಿಯ ಪ್ರತಿಫಲಕ ಲೇಪನ ಮಾಡಿ ಬಿಸಿ ತಗ್ಗಿಸಿ, ಬಿರುಕಿಗೆ ಹಿಗ್ಗಿ ಕುಗ್ಗಬಲ್ಲ ಸೀಲೆಂಟ್ ತುಂಬಿಸಿ.

ಚಿಂತೆ ಮಾಡಬೇಕಾದ್ದು ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏರುವ ಬಿರುಕಿಗೆ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಕಟ್ಟಡದ ಒಂದು ತುದಿ ಕುಸಿಯುತ್ತಿರಬಹುದು. ಧಾರವಾಡ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಇದು ಸಾಮಾನ್ಯ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಸೀಳುತ್ತದೆ, ಬಿರುಕು ಬೇಸಿಗೆಯಲ್ಲಿ ಬಾಯಿ ತೆರೆದು ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ನೋಡಿ ‘ಸರಿಹೋಯಿತು’ ಎಂದು ಬರೆದರೆ ಮೋಸ ಹೋದಿರಿ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಗಾರೆ ಬಿಡಿಸಿ, ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಎಪಾಕ್ಸಿಯಿಂದ ಅಂಟಿಸಿ, ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಚಲಿಸುತ್ತಿದೆ. ಎಷ್ಟು ಚಲಿಸಿತು ಎಂದು ಬೇಕಿದ್ದರೆ ಬಿರುಕಿನ ಎರಡೂ ಬದಿಗೆ ಸಣ್ಣ ಮೊಳೆ ಹೊಡೆದು, ತಲೆಗಳ ನಡುವಿನ ದೂರವನ್ನು ತಿಂಗಳಿಗೊಮ್ಮೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಕ್ಯಾಲಿಪರ್ ಭೌತಶಾಸ್ತ್ರ ವಿಭಾಗದಲ್ಲಿ ಇದ್ದೇ ಇರುತ್ತದೆ. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ದಾಟುವವರೆಗೆ ಓದಬೇಕು. ತೊಲೆ, ಕಂಬದಲ್ಲಿ 0.3 ಮಿ.ಮೀ.ಗಿಂತ ಅಗಲದ ಬಿರುಕು ಕಂಡರೆ ಮಾತ್ರ ಇಷ್ಟು ಕಾಯಬಾರದು. ಆ ವಾರವೇ ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜು ಹತ್ತಿರದಲ್ಲಿದ್ದರೆ ಅಲ್ಲಿಂದ ವರದಿ ಪಡೆಯುವುದು ಸುಲಭ.

ಕಬ್ಬಿಣ ಕಾಣುವ ಸೀಲಿಂಗ್

ಸೀಲಿಂಗ್‌ನ ಚಕ್ಕೆ ಉದುರಿ ಕಂದು ಬಣ್ಣದ ಕಂಬಿ ಕಾಣುವುದು ಹಾಸ್ಟೆಲ್ ಸ್ನಾನದ ಮನೆಗಳಲ್ಲೂ ಸಜ್ಜಾಗಳ ಅಡಿಯಲ್ಲೂ ಹೆಚ್ಚು. ಹೊಸ ಕಾಂಕ್ರೀಟಿನ ಕ್ಷಾರ ಗುಣ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಸೇರಿ ಆ ಕ್ಷಾರ ತಗ್ಗಿಸುತ್ತದೆ; ಕರಾವಳಿಯಲ್ಲಿ ಉಪ್ಪಿನ ಗಾಳಿ ಕ್ಷಾರ ಉಳಿದಿದ್ದರೂ ಕಂಬಿಗೆ ಬೇಗ ತುಕ್ಕು ಹಿಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಒಳಗಿನಿಂದ ಒತ್ತಿ ಕೆಳಗಿನ ಪದರವನ್ನು ತಳ್ಳಿಬಿಡುತ್ತದೆ. ಸ್ಲ್ಯಾಬ್‌ನಲ್ಲಿ ಕಂಬಿಯ ಕೆಳಗೆ 20 ಮಿ.ಮೀ. ಹೊದಿಕೆ ಇರಬೇಕಾದಲ್ಲಿ ಸೆಂಟ್ರಿಂಗ್ ಕೆಲಸದವರು ಕಂಬಿಯನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡದೆ ಮೋಲ್ಡ್ ಹಾಕಿದ್ದರೆ ಇದು ಇನ್ನೂ ಬೇಗ.

ಉದುರಿದ ಜಾಗದ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಾಂಕ್ರೀಟ್ ಟಣ್ ಎನ್ನುತ್ತದೆ, ಬಿಟ್ಟುಕೊಂಡ ಪದರ ಪೊಳ್ಳು ಸದ್ದು ಕೊಡುತ್ತದೆ. ಪೊಳ್ಳು ಭಾಗದ ಸುತ್ತ ಗೆರೆ ಎಳೆಯಿರಿ. ಅದು ಉದುರಿದ ಭಾಗಕ್ಕಿಂತ ಎರಡು ಮೂರು ಪಟ್ಟು ದೊಡ್ಡದಿರುವುದು ಮಾಮೂಲಿ. ತಟ್ಟುವಾಗ ತಲೆಗೆ ಹೆಲ್ಮೆಟ್ ಇರಲಿ, ಏಣಿ ಪೊಳ್ಳಿನ ನೇರ ಕೆಳಗೆ ಬೇಡ. ತುಂಬ ಜಾಗದಲ್ಲಿ ಹೀಗಿದ್ದರೆ ಪ್ರಯೋಗಾಲಯದ ಪರೀಕ್ಷೆಗೆ ಹೋಗಿ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಸತ್ವ ಕಳೆದುಕೊಂಡ ಭಾಗ ಹಾಗೇ ಉಳಿಯುತ್ತದೆ. ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಕಾಂಕ್ರೀಟಿನೊಳಗೆ ಹಾಯುವ ಶಬ್ದದ ವೇಗ ಸೆಕೆಂಡಿಗೆ 3 ಕಿ.ಮೀ.ಗಿಂತ ಕಡಿಮೆ ಬಂದರೆ ಆ ಕಾಂಕ್ರೀಟನ್ನು ನಂಬಬೇಡಿ.

ರಿಪೇರಿ ಹೀಗೆ. ಮೊದಲು ಕೆಳಗಿನಿಂದ ಜಾಕಿ ಕೊಟ್ಟು ಸ್ಲ್ಯಾಬ್‌ಗೆ ಆಸರೆ ಮಾಡಿ. ಪೊಳ್ಳು ಪದರವನ್ನೆಲ್ಲ ಕೆಡವಿ, ಕಂಬಿಯ ಹಿಂದೆ 20–25 ಮಿ.ಮೀ. ಖಾಲಿಯಾಗುವವರೆಗೆ ಒಡೆಯಿರಿ, ಬೆರಳು ಕಂಬಿಯ ಸುತ್ತ ಓಡಾಡಬೇಕು. ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ತುಕ್ಕು ಉಜ್ಜಿ. ಕಂಬಿಯ ಗಾತ್ರದ ಕಾಲುಭಾಗ ತಿಂದುಹೋಗಿದ್ದರೆ ಪಕ್ಕಕ್ಕೆ ಹೊಸ ಕಂಬಿ ಕೂಡಿಸಬೇಕು. ಕಂಬಿಗೆ ತುಕ್ಕುನಿರೋಧಕ ಲೇಪನ, ಕಾಂಕ್ರೀಟಿಗೆ ಬಂಧಕ ಲೇಪನ, ಆಮೇಲೆ ಪಾಲಿಮರ್ ಗಾರೆ. ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು, 50 ಕಿಲೋ ಸಿಮೆಂಟ್ ಮೂಟೆಗೆ 5ರಿಂದ 7.5 ಲೀಟರ್ ಎಸ್‌ಬಿಆರ್ ಲೇಟೆಕ್ಸ್ (ಗಾರೆಗೆ ಬೆರೆಸುವ ರಬ್ಬರ್ ಹಾಲು). ಒಂದು ಪದರ 10–12 ಮಿ.ಮೀ. ಮೀರದಿರಲಿ, ಒಂದೇ ಸಲಕ್ಕೆ ದಪ್ಪ ಮೆತ್ತಿದರೆ ತನ್ನ ಭಾರಕ್ಕೇ ಬೀಳುತ್ತದೆ. ತುಕ್ಕು ಉಜ್ಜದೆ ಮೇಲೆ ಗಾರೆ ಮೆತ್ತಿ ಬಣ್ಣ ಬಳಿಯುವುದು ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ಸಂಸ್ಥೆ) ತಂಡ ಬರುವ ವಾರದಲ್ಲಿ ಬಹಳ ನಡೆಯುವ ಕೆಲಸ. ಒಳಗಿನ ತುಕ್ಕು ನಿಲ್ಲುವುದಿಲ್ಲ, ಮುಂದಿನ ಸಲ ಬೀಳುವಾಗ ಹಳೆಯ ಪದರದ ಜೊತೆ ಹೊಸದೂ ಬೀಳುತ್ತದೆ.

ಈ ರಿಪೇರಿ ಮಾಡುವ ಮೊದಲು ಮೇಲಿನ ಸೋರಿಕೆ ನಿಂತಿರಬೇಕು. ಕ್ರಮ ತಿರುಗಿದರೆ ದುಡ್ಡು ನೀರಲ್ಲಿ.

ಸುಣ್ಣದ ಕಟ್ಟಡ, ಹೆಂಚಿನ ಕಟ್ಟಡ

1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಇಂಥ ಕಡೆ ಸುಣ್ಣದ ಗಾರೆಯ ಹಳೆಯ ಕಟ್ಟಡಗಳಿವೆ. ಇವಕ್ಕೆ ಸಿಮೆಂಟ್ ಶತ್ರು. ಸುಣ್ಣದ ಗೋಡೆ ತೇವ ಹೀರಿ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಗಾರೆ, ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ, ಮರದ ತೊಲೆಯ ತುದಿ ಕೊಳೆಯುತ್ತದೆ. ತೇಪೆಗೆ ಹದವಾಗಿ ನೆನೆಸಿದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಬಳಸಿ, ಮೇಲೆ ಸುಣ್ಣವನ್ನೇ ಬಳಿಯಿರಿ. ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ್ದು) ಇದ್ದಲ್ಲಿ ತೊಲೆ ಗೋಡೆಗೆ ಹೊಕ್ಕುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಆ ಕೊಠಡಿಯನ್ನು ಅಂದೇ ಖಾಲಿ ಮಾಡಿಸಿ. ಸಂರಕ್ಷಿತ ಕಟ್ಟಡವಾದರೆ ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಮೊಳೆಯನ್ನೂ ಹೊಡೆಸಬೇಡಿ.

ಮಂಗಳೂರು ಹೆಂಚಿನ ಛಾವಣಿಗೆ ಕೆಲಸ ಸರಳ. ಹಗಲಲ್ಲಿ ದೀಪ ಆರಿಸಿ ಒಳಗಿನಿಂದ ನೋಡಿದರೆ ಬೆಳಕು ತೂರುವ ಜಾಗವೆಲ್ಲ ನೀರು ಬರುವ ಜಾಗ. ಹೆಂಚು ಕೂರುವ ರೀಪು ಬಾಗಿದೆಯೇ, ರೀಪನ್ನು ಹೊರುವ ಪಕಾಸಿನಲ್ಲಿ ಗೆದ್ದಲ ಮಣ್ಣಿನ ಗೆರೆ ಇದೆಯೇ ನೋಡಿ. ಮೇ ತಿಂಗಳ ಮೊದಲ ವಾರದೊಳಗೆ ಹೆಂಚು ಕೈಯಾಡಿಸಿ ಮುಗಿಸಿ.

ಗೋಡೆಯ ಬುಡದಲ್ಲಿ ಮೂರಡಿಯಷ್ಟು ಎತ್ತರಕ್ಕೆ ಉಪ್ಪು ಬಿಟ್ಟು ಬಣ್ಣ ಸುಲಿದಿದ್ದರೆ ನೆಲದಿಂದ ತೇವ ಏರುತ್ತಿದೆ. ಹೊರಗೆ ಹೋಗಿ ನೋಡಿ: ಗೋಡೆಗೆ ಒತ್ತಿಕೊಂಡು ಹೂವಿನ ಪಾತಿ ಮಾಡಿ ದಿನಾ ನೀರು ಬಿಡುತ್ತಿರುತ್ತಾರೆ. ಪಾತಿ ತೆಗೆಸಿ, ಮಣ್ಣನ್ನು ಒಳಗಿನ ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿಸಿ, ಕಟ್ಟಡದ ಸುತ್ತ 75–90 ಸೆಂ.ಮೀ. ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಹಾಕಿಸಿ. ಎರೆಮಣ್ಣಿನ ಊರುಗಳಲ್ಲಿ ಇದರಿಂದ ಬಿರುಕೂ ಕಡಿಮೆಯಾಗುತ್ತದೆ.

ನೀರು, ಶೌಚಾಲಯ

ಹಾಸ್ಟೆಲ್‌ಗೆ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ. 200 ವಿದ್ಯಾರ್ಥಿಗಳಿಗೆ 27,000 ಲೀಟರ್. ಟ್ಯಾಂಕಿನ ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ಗುಣಿಸಿ 1,000ದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಶೌಚಾಲಯಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ಹುಡುಗರ ಹಾಸ್ಟೆಲ್‌ನಲ್ಲಿ 8 ಮಂದಿಗೆ ಒಂದು, ಹುಡುಗಿಯರದ್ದರಲ್ಲಿ 6 ಮಂದಿಗೆ ಒಂದು. ಎಣಿಸುವಾಗ ಬೀಗ ಹಾಕಿದ್ದನ್ನು, ನೀರು ಬಾರದ್ದನ್ನು, ಚಿಲಕವಿಲ್ಲದ್ದನ್ನು ಬಿಟ್ಟು ಎಣಿಸಿ. ಕಾಗದದಲ್ಲಿ 25 ಇರುವ ಕಡೆ ಬಳಕೆಗೆ 14 ಸಿಕ್ಕರೆ ಅಚ್ಚರಿಪಡಬೇಡಿ.

ರಜೆ ಮುಗಿಸಿ ಬಂದಾಗ ಗಬ್ಬು ವಾಸನೆ ಇದ್ದರೆ ಎಲ್ಲ ಟ್ರಾಪ್‌ಗಳಿಗೂ ಒಂದೊಂದು ಬಕೆಟ್ ನೀರು ಹೊಯ್ಯಿರಿ. ಟ್ರಾಪ್‌ನಲ್ಲಿ ನಿಲ್ಲುವ 50 ಮಿ.ಮೀ. ನೀರೇ ಚರಂಡಿ ಗಾಳಿಯನ್ನು ತಡೆಯುವ ಮುಚ್ಚಳ. ರಜೆಯಲ್ಲಿ ಅದು ಆರಿರುತ್ತದೆ. ನೀರು ಹೊಯ್ದ ಮೇಲೂ ವಾಸನೆ ಹೋಗದಿದ್ದರೆ ಚರಂಡಿಯ ಗಾಳಿ ಹೊರಬಿಡುವ ವೆಂಟ್ ಪೈಪ್ ಮುಚ್ಚಿಕೊಂಡಿದೆ ಅಥವಾ ಯಾರೋ ಟ್ರಾಪ್ ಇಲ್ಲದೆ ಜೋಡಿಸಿದ್ದಾರೆ.

ಟ್ಯಾಂಕ್ ಆರು ತಿಂಗಳಿಗೊಮ್ಮೆ ತೊಳೆಸಿ. ತೊಳೆದ ಮೇಲೆ ನೀರು ತುಂಬಿ, 1,000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಬಕೆಟಿನಲ್ಲಿ ಕದಡಿ, ತಿಳಿಯನ್ನಷ್ಟೇ ಸುರಿದು 12 ಗಂಟೆ ಬಿಡಿ. ಆ ನೀರನ್ನು ಚೆಲ್ಲಿ ಹೊಸದು ತುಂಬಿ. ಈ ಅಳತೆ ತಾಜಾ ಪೌಡರ್‌ಗೆ. ಬಾಯಿ ತೆರೆದಿಟ್ಟ ಮೂಟೆಯ ಕ್ಲೋರಿನ್ ತಿಂಗಳೊಪ್ಪತ್ತಿನಲ್ಲಿ ಹಾರಿಹೋಗಿರುತ್ತದೆ. ದಿನನಿತ್ಯದ ನೀರಿನಲ್ಲಿ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು, ಅಗ್ಗದ ಪರೀಕ್ಷಾ ಕಿಟ್ ಸಾಕು.

ನೆಲದಡಿಯ ನೀರಿನ ಸಂಪಿನೊಳಗೆ ಯಾರನ್ನೂ ದಿಢೀರನೆ ಇಳಿಸಬೇಡಿ. ಮುಚ್ಚಳ ತೆರೆದು ಬ್ಲೋವರ್‌ನಿಂದ ಗಾಳಿಯಾಡಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು. ಒಳಗಿನವರು ಕುಸಿದರೆ ಎತ್ತಲು ಇನ್ನೊಬ್ಬರು ಇಳಿಯಕೂಡದು, ಹಗ್ಗ ಇರುವುದೇ ಅದಕ್ಕೆ. ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್‌ಗಂತೂ ಸಕ್ಕಿಂಗ್ ಯಂತ್ರವೇ ಬರಬೇಕು. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ.

ಕರೆಂಟು, ಬೆಂಕಿ, ಇಳಿಜಾರು ದಾರಿ

ಹಾಸ್ಟೆಲ್ ಕೊಠಡಿಗಳ ನಿಜವಾದ ಲೋಡು ನಕ್ಷೆಯಲ್ಲಿ ಇರುವುದಿಲ್ಲ. 1,500 ವ್ಯಾಟ್‌ನ ಒಂದು ವಾಟರ್ ಹೀಟರ್ ರಾಡ್ ಆರೂವರೆ ಆಂಪಿಯರ್ ಎಳೆಯುತ್ತದೆ. ಒಂದೇ ಸರ್ಕ್ಯೂಟ್‌ನ ಮೂರು ಕೊಠಡಿಗಳಲ್ಲಿ ಬೆಳಿಗ್ಗೆ ಆರಕ್ಕೆ ಮೂರು ರಾಡ್ ಬಿದ್ದರೆ 19 ಆಂಪಿಯರ್ ದಾಟಿತು. 16 ಆಂಪಿಯರ್‌ನ ಎಂಸಿಬಿ (ಲೋಡು ಮೀರಿದರೆ ತಾನೇ ಆರುವ ಸ್ವಿಚ್) ಸ್ವಲ್ಪ ಹೊತ್ತಿನಲ್ಲಿ ಬೀಳಬಹುದು, ಬೀಳಬೇಕು. ಆಗ ಯಾರೋ ಅದನ್ನು ಕಿತ್ತು 32ರದ್ದು ಹಾಕುತ್ತಾರೆ. ಇನ್ನು ಮೇಲೆ ಬೀಳುವುದಿಲ್ಲ, ಗೋಡೆಯೊಳಗೆ ವೈರೇ ಬಿಸಿಯೇರುತ್ತದೆ. ಹಾಗಾಗಿ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ತೆರೆದಾಗ ಪ್ರತಿ ಎಂಸಿಬಿಯ ಅಂಕಿಯನ್ನೂ ಅದರಿಂದ ಹೊರಟ ವೈರಿನ ದಪ್ಪವನ್ನೂ ಒಟ್ಟಿಗೆ ಬರೆದುಕೊಳ್ಳಿ. ಕರಕಲು ಬಣ್ಣ, ಸುಟ್ಟ ವಾಸನೆ ಇದ್ದರೆ ಸಡಿಲ ಸ್ಕ್ರೂ ಹುಡುಕಿ. ರಾಡ್ ನಿಷೇಧದ ನೋಟಿಸ್ ಗೋಡೆಗೆ ಅಂಟಿಸುವುದು ಸುಲಭ. ಬಿಸಿನೀರು ಕೊಡದ ಹಾಸ್ಟೆಲ್‌ನಲ್ಲಿ ಅದು ಗೋಡೆಯ ಮೇಲೇ ಇರುತ್ತದೆ.

ಸ್ನಾನದ ಮನೆ, ಪ್ರಯೋಗಾಲಯಗಳ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್) ಬೇಕು. ಅದರ ಟೆಸ್ಟ್ ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲ. ಬೀದಿದೀಪದ ಕಂಬಗಳ ಬುಡದ ಜಂಕ್ಷನ್ ಪೆಟ್ಟಿಗೆಗೆ ಮುಚ್ಚಳ ಇಲ್ಲದಿದ್ದರೆ ಮಳೆಗೆ ಮುನ್ನ ಹಾಕಿಸಿ, ಕಂಬಕ್ಕೆ ಅರ್ತಿಂಗ್ ಇದೆಯೇ ಅಳೆಸಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯುವುದನ್ನು ತೋಟದವರ ಕೆಲಸದ ಪಟ್ಟಿಗೇ ಸೇರಿಸಿ.

ಬೆಂಕಿಯ ವಿಷಯದಲ್ಲಿ ಮೂರೇ ಪ್ರಶ್ನೆ: ಬೆಂಕಿ ಆರಿಸುವ ಎಬಿಸಿ ಪುಡಿಯ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೇ, ಎರಡನೆಯ ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿದೆಯೇ, ಆ ಬೀಗದ ಕೈ ರಾತ್ರಿ ಎರಡಕ್ಕೆ ಎಲ್ಲಿರುತ್ತದೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಬೀಗ ತೆಗೆಸಿ, ಒಳಗಿನಿಂದ ತಳ್ಳಿ ತೆರೆಯುವ ಪಟ್ಟಿ ಹಾಕಿಸಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳಿರುವುದಿಲ್ಲ, ತೂಗಿಯೇ ನೋಡಬೇಕು.

ಗಾಲಿಕುರ್ಚಿಯ ದಾರಿಗೆ ಇಳಿಜಾರು 12ಕ್ಕೆ 1. ಪ್ರವೇಶದ ಎತ್ತರ 45 ಸೆಂ.ಮೀ. ಇದ್ದರೆ ರ‍್ಯಾಂಪ್ ಉದ್ದ 5.4 ಮೀಟರ್ ಆಗಬೇಕು. ಎರಡು ಮೀಟರಿನಲ್ಲಿ ಮುಗಿಸಿದ ರ‍್ಯಾಂಪ್ ಬೈಕ್ ಹತ್ತಿಸಲಷ್ಟೇ ಆಗುತ್ತದೆ. ಎರಡೂ ಬದಿ ಕೈಪಟ್ಟಿ, ಮೇಲೂ ಕೆಳಗೂ 1.5 ಮೀಟರ್ ಸಮತಟ್ಟು, ಒರಟು ಕಲ್ಲು. ಪಾಲಿಶ್ ಗ್ರಾನೈಟ್ ಹಾಕಿದ್ದರೆ ಮಳೆಯಲ್ಲಿ ನಡೆಯುವವರೂ ಜಾರುತ್ತಾರೆ. ಇದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಕಟ್ಟಳೆ; ‘ಅನುದಾನ ಬಂದಾಗ’ ಎಂದು ಬರೆಯುವಂತಿಲ್ಲ.

ಬರೆಯುವುದು, ಕೆಲಸ ಮಾಡಿಸುವುದು

‘ಕೊಠಡಿ ಸೋರುತ್ತದೆ, ದಯವಿಟ್ಟು ಸರಿಪಡಿಸಿ’ ಎಂಬ ಪತ್ರ ಕಡತದಲ್ಲೇ ಕೂರುತ್ತದೆ, ಏಕೆಂದರೆ ಅದರಿಂದ ಯಾರೂ ಅಂದಾಜು ಪಟ್ಟಿ ಮಾಡಲಾಗದು. ಹೀಗೆ ಬರೆಯಿರಿ: ‘ಇತಿಹಾಸ ವಿಭಾಗ, ಎರಡನೇ ಮಹಡಿ, ಕೊಠಡಿ 12, ಈಶಾನ್ಯ ಮೂಲೆ. ಸೀಲಿಂಗ್‌ನಲ್ಲಿ 60×40 ಸೆಂ.ಮೀ. ಒದ್ದೆ, ಮಳೆ ನಿಂತ ನಾಲ್ಕು ಗಂಟೆಯ ಮೇಲೂ ತೊಟ್ಟಿಕ್ಕುತ್ತಿದೆ. ಮೇಲೆ ತಾರಸಿಯಲ್ಲಿ ನೀರಿನ ಪೈಪ್ ಬಾಯಿ ಕಟ್ಟಿದೆ, ಗೋಲಾ 1.2 ಮೀಟರ್ ಉದ್ದ ಬಿರಿದಿದೆ. ಫೋಟೊ 31, 32.’ ಫೋಟೊದಲ್ಲಿ ಟೇಪು ಕಾಣಬೇಕು. ಬಾಗಿಲ ಚೌಕಟ್ಟಿನಂಥ ಗುರುತು ಹಿಡಿದು ಪ್ರತಿ ವರ್ಷ ಒಂದೇ ಜಾಗದಿಂದ ತೆಗೆದರೆ ಮುಂದಿನ ವರ್ಷ ಹೋಲಿಸಬಹುದು.

ಪ್ರತಿ ಸಾಲಿಗೂ ಒಂದು ಬಣ್ಣ ಕೊಡಿ. ಜೀವಕ್ಕೆ ಅಪಾಯವಿದ್ದರೆ ಕೆಂಪು: ಜಾಗ ಮುಚ್ಚಿ, ಅದೇ ದಿನ ಕುಲಸಚಿವರಿಗೆ ಲಿಖಿತವಾಗಿ ತಿಳಿಸಿ. ಬಿಟ್ಟರೆ ಖರ್ಚು ಬೆಳೆಯುವಂಥದ್ದು ಹಳದಿ. ಉಳಿದದ್ದು ಹಸಿರು. ತಾರಸಿಯ ಸೋರಿಕೆ ಯಾವಾಗಲೂ ಹಳದಿಗಿಂತ ಕೆಳಗಿಳಿಯಬಾರದು. ಬಣ್ಣ ಬಳಿಯುವ ಕೆಲಸ ಹಸಿರನ್ನು ಎಂದೂ ದಾಟಬಾರದು, ಯಾರು ಬರುವವರಿದ್ದರೂ.

ಅಂದಾಜು ಪಟ್ಟಿ ಲೋಕೋಪಯೋಗಿ ಇಲಾಖೆಯ ಚಾಲ್ತಿ ದರಪಟ್ಟಿಯ ಮೇಲೆ ಇರಲಿ. ಒಂದೇ ಕಟ್ಟಡದ ತಾರಸಿ, ಪೈಪ್, ಸೀಲಿಂಗ್ ಕೆಲಸವನ್ನು ಬೇರೆ ಬೇರೆ ತುಂಡು ಗುತ್ತಿಗೆಗಳಾಗಿ ಒಡೆಯಬೇಡಿ. ಕೆಟಿಪಿಪಿ ಕಾಯ್ದೆಯ (ಸರ್ಕಾರಿ ಖರೀದಿ, ಗುತ್ತಿಗೆಗಳ ಪಾರದರ್ಶಕತೆಯ ಕರ್ನಾಟಕ ಕಾಯ್ದೆ) ತಕರಾರು ಒಂದು ಕಡೆ, ಸೋರಿದಾಗ ಮೂವರು ಗುತ್ತಿಗೆದಾರರು ಒಬ್ಬರ ಮೇಲೊಬ್ಬರು ಹೇಳುವುದು ಇನ್ನೊಂದು ಕಡೆ.

ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲು ಅಳೆದು ಅಳತೆ ಪುಸ್ತಕಕ್ಕೆ ಏರಿಸಿ: ಉಜ್ಜಿದ ಕಂಬಿ, ಗೋಲಾದ ಅಡಿಯ ಪದರ, ನೆಲದಡಿಯ ಪೈಪ್ ಜೋಡಣೆ. ಜಲನಿರೋಧಕ ಕೆಲಸಕ್ಕೆ ಬಿಲ್ ಪಾಸ್ ಮಾಡುವ ಮುನ್ನ ನೀರು ನಿಲ್ಲಿಸಿ ನೋಡಲೇಬೇಕು. ಪೈಪ್ ಬಾಯಿಗಳಿಗೆ ಬೂಚು ಹಾಕಿ, 25–50 ಮಿ.ಮೀ. ನೀರು ಕಟ್ಟಿ 48 ಗಂಟೆ ಬಿಡಿ. ಕೆಳಗಿನ ಸೀಲಿಂಗ್‌ನ ಫೋಟೊವನ್ನು ಮೊದಲು, ನಡುವೆ, ಕೊನೆಯಲ್ಲಿ ತೆಗೆಯಿರಿ. 50 ಮಿ.ಮೀ. ನೀರು ಚದರ ಮೀಟರಿಗೆ 50 ಕಿಲೋ ಭಾರ ಹಾಕುತ್ತದೆ. ಕಂಬಿ ತಿಂದುಹೋದ ಸ್ಲ್ಯಾಬ್ ಮೇಲೆ ರಿಪೇರಿಗೆ ಮುಂಚೆ ಈ ಪರೀಕ್ಷೆ ಬೇಡ. ಗುತ್ತಿಗೆದಾರರ ಠೇವಣಿಯ ಒಂದು ಭಾಗವನ್ನು ಕನಿಷ್ಠ ಒಂದು ಪೂರ್ತಿ ಮಳೆಗಾಲ ದಾಟುವವರೆಗೆ ಹಿಡಿದಿಡುವ ಷರತ್ತು ಟೆಂಡರಿನಲ್ಲೇ ಇರಬೇಕು. ಕೆಲಸ ಮುಗಿದ ಮೇಲೆ ಸೇರಿಸಲು ಬರುವುದಿಲ್ಲ.

ಪ್ರತಿ ಕಟ್ಟಡಕ್ಕೂ ಒಂದು ರಟ್ಟಿನ ಪುಸ್ತಕ ಇಡಿ. ಮೊದಲ ಪುಟದಲ್ಲಿ ನೀರಿನ ವಾಲ್ವ್, ಮೇನ್ ಸ್ವಿಚ್, ಚೇಂಬರ್‌ಗಳು ಎಲ್ಲಿವೆ ಎಂಬ ಕೈನಕ್ಷೆ. ಆಮೇಲೆ ವರ್ಷವಾರು ತಪಾಸಣೆ, ಯಾರು ಯಾವಾಗ ಏನು ರಿಪೇರಿ ಮಾಡಿದರು, ಎಷ್ಟು ವರ್ಷದ ಗ್ಯಾರಂಟಿ. ಪುಸ್ತಕದ ಒಂದು ಪ್ರತಿ ಎಂಜಿನಿಯರಿಂಗ್ ವಿಭಾಗದಲ್ಲಿ, ಇನ್ನೊಂದು ಆ ಕಟ್ಟಡದ ಕಚೇರಿಯಲ್ಲೇ. ಎಂಜಿನಿಯರ್ ವರ್ಗವಾಗಿ ಹೋದರೂ ವಾಲ್ವ್ ಹುಡುಕಲು ಅಂಗಳ ಅಗೆಯುವುದು ತಪ್ಪುತ್ತದೆ.